ಕಾಶಿಗೆ ಹೊರಟವನನ್ನು ತಡೆಯದ ಅಣ್ಣ

ವಿಮರ್ಶೆ ಬರೆಯುವವರ ಮನೆಯಲ್ಲಿ ನಟರಿರಬಾರದು. ನನ್ನ ಮನೆಯಲ್ಲಿ ಒಬ್ಬನಿದ್ದ. ನನ್ನ ಸೋಫಾದ ಮೇಲೆ ಬಿದ್ದುಕೊಂಡು, ನಾನು ಮಾಡಿದ ಚಕ್ಕುಲಿ ಕಡಿಯುತ್ತಾ, "ಅತ್ತಿಗೆ, ಈ ಸಲ ನನ್ನ ಬಗ್ಗೆ ಏನು ಬರೀತೀರ?" ಎಂದು ಕತ್ತು ಉದ್ದ ಮಾಡುತ್ತಿದ್ದ. ಅವನೇ ನನ್ನ ಮೈದುನ ದಿವಾಕರ.

ಸಿಂಗಪುರದ ಕನ್ನಡದವರಿಗಾಗಿ ಬರುವ ಒಂದು ಇ-ಪತ್ರಿಕೆಯಲ್ಲಿ 'ರೇಣುಕಾ ನೋಡಿದ್ದು' ಅಂತ ಒಂದು ಅಂಕಣವಿದೆ. ಆ ರೇಣುಕಾ ನಾನೇ. ನಾಟಕ, ಸಿನಿಮಾ, ಮಕ್ಕಳ ಡ್ಯಾನ್ಸು, ಏನೇ ಇರಲಿ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರೆಯುತ್ತೇನೆ. ಯಾರ ಮುಲಾಜೂ ಇಲ್ಲ. ಗಣೇಶನ ಹಬ್ಬದ ನಾಟಕದಲ್ಲಿ ನನ್ನ ಗಂಡ ಶ್ರೀಕಂಠ ಮಹಾರಾಜನಾಗಿ ಬಂದಾಗ "ಸಿಂಹಾಸನದ ಅಭಿನಯ ಸಹಜವಾಗಿತ್ತು" ಎಂದು ಬರೆದವಳು ನಾನು. ಅವರು ಸ್ವಲ್ಪ ದಿನ ಮಾತು ಬಿಟ್ಟಿದ್ದರು. ಮನೆ ಎಷ್ಟು ನೆಮ್ಮದಿಯಾಗಿತ್ತು ಅಂತೀರಿ!

ಈಗ ಹೇಳುತ್ತಿರುವುದು ೨೦೧೪ರ ಮಾತು. ಪಾಸಿರ್ ಪಂಜಾಂಗ್‌ನ ಒಂದು ಶಿಪ್ಪಿಂಗ್ ಆಫೀಸಿನ ಕನ್ನಡದ ಹುಡುಗ ಹುಡುಗಿಯರು ಸೇರಿ ಯೂಟ್ಯೂಬಿಗೆ ಒಂದು ಹಾಸ್ಯ ಸರಣಿ ತೆಗೆಯುತ್ತಿದ್ದರು. ಹೆಸರು 'ಎಲ್ಲಿ ಹೋಯ್ತು ಕಂಟೇನರ್?' ಒಂದು ಆಫೀಸು, ಪ್ರತಿ ಕಂತಿನಲ್ಲೂ ಒಂದು ಕಂಟೇನರ್ ಕಾಣೆ, ಕೊನೆಗೆ ಅದು ಎಲ್ಲರ ಕಣ್ಣೆದುರೇ ಇರುತ್ತದೆ. ಇಷ್ಟೇ ಕಥೆ. ನಿರ್ದೇಶಕ ಅವಿನಾಶ್‌ಗೆ ಬೇರೆ ಕಥೆ ಗೊತ್ತಿರಲಿಲ್ಲ, ನೋಡುವವರಿಗೆ ಬೇರೆ ಕೆಲಸ ಇರಲಿಲ್ಲ.

ದಿವಾಕರ ಆ ಆಫೀಸಿನವನೇ. ಅವನ ಪಕ್ಕದ ಸೀಟಿನಲ್ಲಿ ಅರುಂಧತಿ ಅಂತ ಒಬ್ಬ ಹುಡುಗಿ. ಮೈಸೂರಿನವಳು, ಚುರುಕು, ನಕ್ಕರೆ ಇಡೀ ಫ್ಲೋರಿಗೆ ಕೇಳಿಸುತ್ತದೆ. ಇವನಿಗೆ ಅವಳೆಂದರೆ ಪ್ರಾಣ. ಈ ವಿಷಯ ನನಗೆ ಗೊತ್ತಿತ್ತು, ಶ್ರೀಕಂಠರಿಗೆ ಗೊತ್ತಿತ್ತು, ನಮ್ಮ ಮಗಳು ಅನಘಾಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅರುಂಧತಿಗೊಬ್ಬಳಿಗೆ. ಅಷ್ಟರಲ್ಲಿ ಆಫೀಸಿನವರು ಇವನನ್ನು ರಾಟರ್‌ಡ್ಯಾಮಿಗೆ ವರ್ಗ ಮಾಡಿದರು. ತಿಂಗಳ ಕೊನೆಗೆ ಹೊರಡಬೇಕು.

"ಹೋಗಿ ಹೇಳೋ ಅವಳಿಗೆ," ಅಂದೆ.

"ಇಲ್ಲ ಅಂದ್ಬಿಟ್ರೆ ಅತ್ತಿಗೆ? ದಿನಾ ಪಕ್ಕದಲ್ಲೇ ಕೂತ್ಕೋಬೇಕು. ಆಕ್ವರ್ಡ್ ಆಗುತ್ತೆ."

"ನಿನ್ನ ಸೀಟೇ ರಾಟರ್‌ಡ್ಯಾಮಿಗೆ ಹೋಗ್ತಿದೆ. ಇನ್ನೆಲ್ಲಿಯ ಪಕ್ಕಾನೋ ಪೆದ್ದ?"

ಊಹೂಂ. ಅದರ ಬದಲು ನಾನು ಬಾಯಿ ಬಿಟ್ಟುಬಿಡುತ್ತೇನೆ ಅಂತ ಹೆದರಿ, ಅಡುಗೆಮನೆಗೆ ಬಂದು ನನ್ನ ಮುಂದೆ ತಲೆ ಬಗ್ಗಿಸಿ ನಿಂತ. "ಅರುಂಧತಿಗೆ ಹೇಳಲ್ಲ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ." ನನ್ನ ಕೈಯೆಲ್ಲ ದೋಸೆ ಹಿಟ್ಟು. ಹಾಗೇ ಇಟ್ಟೆ. ಅನುಭವಿಸಲಿ.

ಇಂಥ ಹೊತ್ತಿನಲ್ಲಿ ಅವಿನಾಶ್ ಮಹಾಶಯ 'ಆಫೀಸಿನಲ್ಲೊಂದು ಮದುವೆ' ಅಂತ ಕಂತು ಬರೆದ. ಮದುಮಗಳು ಅರುಂಧತಿ. ಮದುಮಗ, ಅದೇ ಆಫೀಸಿನ ಅಜಯ್. ಮದುಮಗಳ ಅಣ್ಣ ಯಾರು ಹೇಳಿ? ನಮ್ಮ ದಿವಾಕರ! ರಿಹರ್ಸಲ್ ಮುಗಿಸಿ ಬಂದ ದಿನ ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. "ಅವಳು ನನ್ನ 'ಅಣ್ಣಾ' ಅಂದ್ಲು ಅತ್ತಿಗೆ. ಅದೂ ಮೂರು ಸಲ," ಎಂದು ಚಪಾತಿಯನ್ನು ನೋಡುತ್ತಾ ಕೂತ. ಬೇಡ ಅನ್ನೋ ಅಂದರೆ, ಯಾಕೆ ಅಂತ ಕೇಳುತ್ತಾರಂತೆ. ಪಾಪ ಅನ್ನಿಸಿತು. ಜೊತೆಗೆ ತಲೆಗೊಂದು ಮೊಟಕಬೇಕು ಅಂತಲೂ ಅನ್ನಿಸಿತು.

ಕಾಶಿಯಾತ್ರೆಯ ದೃಶ್ಯಕ್ಕೆ ಒಂದು ಕೊಡೆ ಬೇಕು ಅಂತ ಅವಿನಾಶ್ ನಮ್ಮ ಮನೆಯ ಕೊಡೆ ಒಯ್ದ. ಶ್ರೀಕಂಠರ ಮರದ ಹಿಡಿಯ ಕಪ್ಪು ಕೊಡೆ. ಅವತ್ತಿನಿಂದ ದಿನಾ ಸಂಜೆ ಚೋವಾ ಚು ಕಾಂಗ್ ಸ್ಟೇಷನ್ನಿನಿಂದ ನೆನೆದುಕೊಂಡು ಬಂದು, "ನನ್ನ ಕೊಡೆ ಯಾವಾಗ ಬರುತ್ತೆ?" ಅನ್ನುವುದೇ ಅವರ ಕೆಲಸವಾಯಿತು. ತಮ್ಮ ದೇಶ ಬಿಟ್ಟು ಹೋಗುತ್ತಿದ್ದಾನೆ ಅನ್ನುವ ಚಿಂತೆ ಬೇಡವೇ? ಕೊಡೆಯಂತೆ ಕೊಡೆ!

ಕಂತು ಬಿಡುಗಡೆಯಾದ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಪಕ್ಕದಲ್ಲಿ ಅನಘಾ. ಹಿಂದೆ ದಿವಾಕರ ಅಂಗಿ ಇಸ್ತ್ರಿ ಮಾಡುವ ನಾಟಕ ಆಡುತ್ತಿದ್ದ. ಅವನ ನಟನೆಗಳಲ್ಲಿ ಅದೇ ವಾಸಿ.

ಮೊದಲರ್ಧ ಸಾಧಾರಣ. ಮದುವೆಯ ತೆಂಗಿನಕಾಯಿ ತುಂಬಿದ ಕಂಟೇನರ್ ಕಾಣೆ. ಮ್ಯಾನೇಜರ್ ಆಫೀಸಿನ ಈಮೇಲಿನಲ್ಲಿ ಮುಹೂರ್ತ ಮುಂದಕ್ಕೆ ಹಾಕುತ್ತಾನೆ. ಪುರೋಹಿತರು "ಅಪ್ರೂವಲ್ ಬಂತಾ?" ಎಂದು ಕೇಳಿ ಕೇಳಿ ಮಂತ್ರ ಹೇಳುತ್ತಾರೆ. ನಾನು ಎರಡು ಸಲ ನಕ್ಕೆ, ಒಂದು ಸಲ ಆಕಳಿಸಿದೆ.

ಆಮೇಲೆ ಕಾಶಿಯಾತ್ರೆ ಬಂತು. ಸೆಂಗ್‌ಕಾಂಗ್‌ನಲ್ಲಿ ಅವಿನಾಶ್‌ನ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಅನ್ನುವ ಖಾಲಿ ಜಾಗದಲ್ಲೇ ಮಂಟಪ. ಅಜಯ್ ಪಂಚೆ, ಪೇಟ, ಬಾಸಿಂಗ ತೊಟ್ಟು, ಕೈಯಲ್ಲಿ ನಮ್ಮ ಕೊಡೆ ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಅಂತ ಹೊರಟ. ನಮ್ಮಲ್ಲಿ ಮದುವೆ ಕಂಡವರಿಗೆಲ್ಲ ಮುಂದಿನದು ಗೊತ್ತು. ಹೆಣ್ಣಿನ ಅಪ್ಪನೋ ಅಣ್ಣನೋ ಅಡ್ಡ ಬಂದು, "ಕಾಶಿಗೆ ಹೋಗಬೇಡಿ, ನಮ್ಮ ಹುಡುಗೀನ ಕೊಡ್ತೀವಿ, ಬನ್ನಿ" ಎಂದು ತಡೆದು ಮಂಟಪಕ್ಕೆ ಕರೆತರಬೇಕು. ದಿವಾಕರ ಅಡ್ಡ ಬಂದ. ಅಜಯ್‌ನ ಮುಖ ನೋಡಿದ. ಮಂಟಪದ ಕಡೆ ತಿರುಗಿ ಅರುಂಧತಿಯ ಮುಖ ನೋಡಿದ. ಆಮೇಲೆ ಸರಕ್ಕನೆ ಪಕ್ಕಕ್ಕೆ ಸರಿದು, "ಹೋಗಿ ಬನ್ನಿ ಭಾವ. ಆರಾಮಾಗಿ ಹೋಗಿ ಬನ್ನಿ. ಎಂಆರ್‌ಟಿ ರೈಲಿನ ಕಾರ್ಡ್ ಇದೆ ತಾನೇ?" ಅಂದ. ಅಷ್ಟೇ ಅಲ್ಲ, ಜೇಬಿನಿಂದ ಒಂದು ಬಿಸ್ಕತ್ ಪೊಟ್ಟಣ ತೆಗೆದು ಅವನ ಕೈಗೆ ತುರುಕಿ, "ತಲುಪಿದ ಮೇಲೆ ಮೆಸೇಜ್ ಹಾಕಿ" ಅಂದ!

ಅಜಯ್ ಪಾಪ, ಯಾರಾದರೂ ಕಟ್ ಅನ್ನುತ್ತಾರೆ ಅಂತ ನಡೆದ. ಯಾರೂ ಅನ್ನಲಿಲ್ಲ. ಸ್ಟೇಷನ್ ಬಂತು, ರೈಲು ಹತ್ತಿದ. ಅವಿನಾಶ್ ಕ್ಯಾಮೆರಾ ಹಿಡಿದುಕೊಂಡು ಹಿಂದೆಯೇ ಹತ್ತಿದ. ಸೆಂಗ್‌ಕಾಂಗ್‌ನ ಆ ಪುಟ್ಟ ರೈಲು ಬಡಾವಣೆಯನ್ನು ಸುತ್ತಿ ಹೊರಟಲ್ಲಿಗೇ ವಾಪಸ್ ಬರುತ್ತದೆ. ಹಾಗಾಗಿ ಬಾಸಿಂಗ ಕಟ್ಟಿದ ಮದುಮಗ, ತರಕಾರಿ ಚೀಲ ಹಿಡಿದ ಚೀನೀ ಅಜ್ಜಿಯರ ನಡುವೆ ಕೂತು ಬಿಸ್ಕತ್ ತಿನ್ನುತ್ತಾ ಕಾಶಿಗೆ ಹೋಗಿ, ಸೆಂಗ್‌ಕಾಂಗ್‌ಗೇ ಬಂದಿಳಿದ. ನನಗೆ ನಗು ತಡೆಯಲಾಗಲಿಲ್ಲ. ಒಬ್ಬ ಅಜ್ಜಿ ಅವನ ಪೇಟ ಮುಟ್ಟಿ ನೋಡಿದ್ದಂತೂ ಇಡೀ ಸರಣಿಯಲ್ಲೇ ಒಳ್ಳೆಯ ಅಭಿನಯ.

"ಚಿಕ್ಕಪ್ಪ, ಯು ಡಿಂಟ್ ಸ್ಟಾಪ್ ಹಿಮ್ ಲಾ!" ಎಂದು ಅನಘಾ ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ ಕೂಗಿ ಮೇಜು ಬಡಿದಳು.

ನಾನು ತಿರುಗಿ ನೋಡಿದೆ. "ಸ್ಕ್ರಿಪ್ಟಲ್ಲಿ ಹೀಗೇ ಇತ್ತೇನೋ?"

"ತಡೀಬೇಕು ಅಂತಿತ್ತು. ಡೈಲಾಗ್ ಮರ್ತೋಯ್ತು."

"ಯಾವ ಹಡಗು ಯಾವ ಬಂದರಲ್ಲಿದೆ ಅಂತ ನಿದ್ದೆಯಲ್ಲೂ ಹೇಳ್ತೀಯ. ಒಂದು ಸಾಲು ಮರ್ತೋಯ್ತಾ?"

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. "ನಾಟಕದಲ್ಲೂ ಆಗಲಿಲ್ಲ ಅತ್ತಿಗೆ. 'ನಮ್ಮ ಹುಡುಗೀನ ಕೊಡ್ತೀವಿ' ಅಂತ ಹೇಳೋಕೆ ಬಾಯೇ ಬರಲಿಲ್ಲ. ಬಿಸ್ಕತ್ ನನ್ನ ಟಿಫಿನ್‌ದು."

ಬೈಯುವುದನ್ನು ಬಿಟ್ಟು ಮತ್ತೆ ಆ ದೃಶ್ಯ ಹಾಕಿದೆ. ಈ ಸಲ ದಿವಾಕರನನ್ನು ಬಿಟ್ಟು ಹಿಂದೆ ಮಂಟಪದಲ್ಲಿ ಕೂತಿದ್ದ ಅರುಂಧತಿಯನ್ನು ನೋಡಿದೆ. ಮದುಮಗ ಹೊರಟೇ ಹೋದ. ಮದುಮಗಳು ಗಾಬರಿಯಾಗಬೇಕು ತಾನೇ? ಇವಳು ಹಾರದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹೊರಟವನನ್ನು ನೋಡಿ ಅಲ್ಲ, ದಿವಾಕರನನ್ನು ನೋಡಿ.

"ನೋಡೋ ಇಲ್ಲಿ," ಅಂದೆ.

"ಎಲ್ಲರೂ ನಕ್ರು, ಅವಳೂ ನಕ್ಲು," ಎಂದು ಅವನು ಅಂಗಿ ಮಡಿಚಿಕೊಂಡು ಒಳಗೆ ಹೋದ. ಇಂಥವನ ಹತ್ತಿರ ಏನು ಮಾತಾಡುವುದು?

ಆಣೆ ಆಣೆಯೇ. ಅರುಂಧತಿಗೆ ಹೇಳುವ ಹಾಗಿಲ್ಲ. ಆದರೆ ವಿಮರ್ಶೆ ಬರೆಯಬಾರದು ಅಂತ ಯಾರೂ ಆಣೆ ಹಾಕಿಸಿರಲಿಲ್ಲ. ಅವರೆಕಾಳು ಹುಳಿ ಒಲೆಯ ಮೇಲಿಟ್ಟು, ಅದು ಕುದಿಯುವುದರೊಳಗೆ ಬರೆದು ಕಳಿಸಿಬಿಟ್ಟೆ. ರೈಲಿನ ದೃಶ್ಯವನ್ನು ಹೊಗಳಿದೆ, ಪುರೋಹಿತರನ್ನು ತೆಗಳಿದೆ, ಅಜ್ಜಿಗೆ ಮುಂದಿನ ಕಂತಿನಲ್ಲಿ ದೊಡ್ಡ ಪಾತ್ರ ಕೊಡಿ ಎಂದೆ. ಕೊನೆಯಲ್ಲಿ ಹೀಗೆ ಬರೆದೆ: "ಈ ಕಂತಿನ ದೊಡ್ಡ ತಪ್ಪು ಅಣ್ಣನ ಪಾತ್ರದ ಆಯ್ಕೆ. ದಿವಾಕರ ಈ ಹುಡುಗಿಗೆ ಅಣ್ಣನಾಗಲು ಯಾವ ರೀತಿಯಲ್ಲೂ ಲಾಯಕ್ಕಲ್ಲ. ತಂಗಿಯನ್ನು ಯಾವ ಅಣ್ಣನೂ ಹಾಗೆ ನೋಡುವುದಿಲ್ಲ. ನಿರ್ದೇಶಕರು ಅವರನ್ನು ತಕ್ಷಣ ಆ ಪಾತ್ರದಿಂದ ತೆಗೆದು, ತಿಂಗಳು ಮುಗಿಯುವುದರೊಳಗೆ ಸರಿಯಾದ ಪಾತ್ರ ಕೊಡಬೇಕು."

ಸಂಜೆಯೊಳಗೆ ಇಡೀ ಊರಿನ ಕನ್ನಡದವರೆಲ್ಲ ಓದಿದರು. ಅವಿನಾಶ್ ಫೋನ್ ಮಾಡಿ, "ಆಂಟಿ, ಕಾಸ್ಟಿಂಗ್ ಬಗ್ಗೆ ಯಾಕೆ ಅಷ್ಟು ಹಾರ್ಷ್?" ಅಂದ. ನನ್ನನ್ನು ಆಂಟಿ ಅಂದಿದ್ದಕ್ಕೆ ಇನ್ನೂ ಹಾರ್ಷ್ ಆಗಿ ಎರಡು ಮಾತು ಹೇಳಿದೆ. ಸರಳಾ ಅನ್ನುವವರು ಕೆಳಗೆ ಕಾಮೆಂಟಿನಲ್ಲಿ, ಕಾಶಿಯಾತ್ರೆಗೆ ಬೀಸಣಿಗೆಯೂ ಬೇಕಿತ್ತು ಎಂದು ಉದ್ದಕ್ಕೆ ಬರೆದರು. ಅರುಂಧತಿಯಿಂದ ಮಾತ್ರ ಸದ್ದೇ ಇಲ್ಲ.

"ಮಾನ ಹರಾಜು ಹಾಕ್ಬಿಟ್ರಲ್ಲ ಅತ್ತಿಗೆ! ಸೋಮವಾರ ಹೇಗೆ ಆಫೀಸಿಗೆ ಹೋಗಲಿ?" ಎಂದು ದಿವಾಕರ ತಲೆ ಹಿಡಿದುಕೊಂಡ.

"ನಾನು ಅವಳಿಗೆ ಹೇಳಿದ್ನಾ? ಓದುಗರಿಗೆ ಹೇಳಿದೆ," ಅಂದೆ ಜೋರಾಗಿ. ಒಳಗೊಳಗೆ ನನಗೂ ಭಯವಾಗಿತ್ತು. ಹುಡುಗಿಗೆ ಬೇಜಾರಾಗಿದ್ದರೆ? ಇವನು ಹೇಳಿ ಕೆಡಿಸಿಕೊಳ್ಳಬೇಕಾದದ್ದನ್ನು ನಾನು ಬರೆದು ಕೆಡಿಸಿದ್ದರೆ?

ಭಾನುವಾರ ಬೆಳಿಗ್ಗೆ ದಿವಾಕರ ಬರ್ಮುಡಾ, ಬನಿಯನ್ನು, ಹೆಗಲ ಮೇಲೆ ಟವೆಲ್ಲಿನಲ್ಲಿ ಹಾಲ್ ತುಂಬಾ ಸೂಟ್‌ಕೇಸ್ ಹರಡಿಕೊಂಡು ಕೂತಿದ್ದ. ಬೆಲ್ ಆಯಿತು. ಬಾಗಿಲು ತೆಗೆದರೆ ಅರುಂಧತಿ! ಕೈಯಲ್ಲಿ ಕೊಡೆ.

"ಆಂಟಿ, ಇದನ್ನ ವಾಪಸ್ ಕೊಡೋಣ ಅಂತ ಬಂದೆ."

"ಬಂತಾ!" ಎಂದು ಶ್ರೀಕಂಠ ಪೇಪರ್ ಬಿಸಾಕಿ ಓಡಿಬಂದರು.

"ಒಂದ್ನಿಮಿಷ ಅಂಕಲ್," ಎಂದು ಅವರನ್ನು ದಾಟಿ ಹೋದಳು. ದಿವಾಕರ ಟವೆಲ್ಲಿನಿಂದ ಬನಿಯನ್ ಮುಚ್ಚಿಕೊಳ್ಳುತ್ತಾ ಎದ್ದ. ಅವಳು ಕೊಡೆಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕೊಳಿ. ಹೊರಡ್ತಿದೀರಲ್ಲ? ಹೊರಡಿ."

ಹೇಳಿದ್ದನ್ನು ಕೇಳುವ ಪ್ರಾಣಿ ಅವನು. ಕೊಡೆ ಹಿಡಿದು, ಸೂಟ್‌ಕೇಸ್ ದಾಟಿ, ಬಾಗಿಲ ಕಡೆ ನಡೆದ. ಅವಳು ಅವನಿಗಿಂತ ಮುಂಚೆ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಎರಡು ಕೈಯನ್ನೂ ಚಾಚಿ ನಿಂತಳು.

"ಫಸ್ಟ್ ರಿಹರ್ಸಲ್‌ನಿಂದ ಅವಿನಾಶ್‌ಗೆ ಹೇಳ್ತಾನೇ ಇದ್ದೆ, ಇವರನ್ನ ನನ್ನ ಅಣ್ಣ ಮಾಡ್ಬೇಡಿ ಅಂತ. ಯಾಕೆ ಅಂದ್ರು. ಏನಂತ ಹೇಳ್ಲಿ? ನಿನ್ನೆ ರಿವ್ಯೂನಲ್ಲಿ ಆ ಅಣ್ಣನೂ ಹೋದ. ನಿಜವಾದ ಅಣ್ಣ ನನಗಿಲ್ಲ, ಅಪ್ಪ ಮೈಸೂರಲ್ಲಿದಾರೆ. ತಡಿಯೋಕೆ ನಮ್ಮ ಕಡೆಯಿಂದ ಇನ್ಯಾರೂ ಇಲ್ಲ. ಅದಕ್ಕೆ ನಾನೇ ಬಂದೆ."

ದಿವಾಕರ ಬಾಯಿ ತೆರೆದ. "ಟಿಕೆಟ್..." ಅಂದ.

"ಮಾತಾಡೋ ಕತ್ತೆ!" ಎಂದು ನಾನು ಹಿಂದಿನಿಂದ ಗದರಿದೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

"ಟಿಕೆಟ್ ಮುಂದಕ್ಕೆ ಹಾಕಿ, ಇಲ್ಲ ಎರಡು ಬುಕ್ ಮಾಡಿ," ಅಂದಳು ಅರುಂಧತಿ. "ಈಗ ನೀವು ನಿಲ್ಲಬೇಕು. ಸೀನ್ ಅಷ್ಟೇ."

ಅವನು ನಿಂತ. ಕೊಡೆ ಎದೆಗೊತ್ತಿಕೊಂಡು, ಕಿವಿವರೆಗೂ ಹಲ್ಲು ಕಿರಿದು ನಿಂತ. ಅವಳು ಕೈ ಇಳಿಸಿ ನನ್ನ ಕಡೆ ತಿರುಗಿ, "ಒಳಗೆ ಬರ್ಲಾ ಅಕ್ಕ?" ಅಂದಳು.

ಶ್ರೀಕಂಠ ಮೆಲ್ಲಗೆ ಕೊಡೆಯ ಕಡೆ ಕೈ ಚಾಚಿದರು. ನಾನು ಆ ಕೈಗೆ ಒಂದು ಏಟು ಕೊಟ್ಟೆ.