ಗುರುದತ್ತನಿಗೆ ತಂದ ತೋಳು

ಹಪ್ಪಳದ ಚೂರೊಂದು ಫಸ್ಟ್ ಬೇಸ್, ಇನ್ನೊಂದು ಸೆಕೆಂಡ್, ಮತ್ತೊಂದು ಥರ್ಡ್, ಉಪ್ಪಿನಕಾಯಿ ಬಟ್ಟಲೇ ಹೋಮ್ ಪ್ಲೇಟ್ — ಗುರುದತ್ತ ಊಟದ ಮೇಜಿನ ಮೇಲೆ ಬೇಸ್‌ಬಾಲ್ ಅಂಗಳ ಹಾಸುತ್ತಿದ್ದಾನೆ, ತುಪ್ಪ ಮೆತ್ತಿದ ಬೆರಳಿನಿಂದಲೇ, ಜಯಾ ಒಗೆದು ಇಸ್ತ್ರಿ ಮಾಡಿ ಹಾಸಿದ ಬಿಳಿ ಬಟ್ಟೆಗೆ ಜಿಡ್ಡಾಗುತ್ತದೆ ಎಂಬ ಪರಿವೆಯೂ ಇಲ್ಲದೆ, ಹೆಂಡತಿಯ ಬಟ್ಟೆಯಾದರೇನು ಗೆಳೆಯನ ಹೆಸರಾದರೇನು, ಮೆತ್ತಿ ಬಿಡುವುದೇ ಇವನ ಜಾಯಮಾನ — ಗೋಪೀನಾಥ ಬಿಸಿಬೇಳೆಭಾತಿನ ತಟ್ಟೆ ಮುಂದಿಟ್ಟುಕೊಂಡು ನೋಡುತ್ತಾನೆ, ನಗುತ್ತಾನೆ, ನಗಲೇಬೇಕು, ಮೆಲ್ಬರ್ನಿನಿಂದ ಸಿಡ್ನಿಯವರೆಗೆ ಕಾರು ಓಡಿಸಿಕೊಂಡು ಬಂದಿರುವುದು ಇವನ ಮನೆಯಲ್ಲಿ ಕೂತು ನಗುವುದಕ್ಕೇ. ಈ ಸಲ ಪೆಲಿಕನ್ಸ್ ಉದ್ಧಾರ ಆಗ್ಬೇಕಾದ್ರೆ ಮೊದ್ಲು ಆ ಮುದುಕ ಕ್ಯಾಚರ್‌ನ ಮನೆಗೆ ಕಳಿಸು ಗುರು, ಮಂಡಿ ಹೋಗಿದೆ ಅವನಿಗೆ, ಕೂತ್ರೆ ಏಳಕ್ಕಾಗಲ್ಲ, ಎನ್ನುತ್ತಿರುವವನು ಹೃಷಿಕೇಶ್, ಚಾಟ್ಸ್‌ವುಡ್ ಸ್ಟೇಷನ್ನಿನ ಎದುರು ಹಲ್ಲಿನ ಕ್ಲಿನಿಕ್ ಇಟ್ಟಿರುವವನು, ಜೀವಮಾನದಲ್ಲಿ ಒಂದು ಚೆಂಡು ಎಸೆದವನಲ್ಲ, ಆದರೆ ಸೀಸನ್ ಮುಗಿದು ಚಳಿಗಾಲ ಬಂತೆಂದರೆ ಯಾರನ್ನು ಕೊಟ್ಟು ಯಾರನ್ನು ತರಬೇಕೆಂದು ಲೆಕ್ಕ ಹಾಕುವುದರಲ್ಲಿ ಅವನನ್ನು ಬಿಟ್ಟರಿಲ್ಲ, ಕೂತಲ್ಲಿಂದಲೇ ಎಂಟು ತಂಡ ಕಟ್ಟಿ ಕೆಡವುತ್ತಾನೆ. ಕ್ಯಾಚರ್ ಇರ್ಲಿ ಬಿಡೋ, ಎಸೆಯೋನು ಸರಿಯಾಗಿದ್ರೆ ಹಿಡಿಯೋನು ಯಾರಾದ್ರೇನು, ನನಗೆ ಬೇಕಿರೋದು ಪಿಚರ್, ಎನ್ನುತ್ತಾನೆ ಗುರುದತ್ತ, ಪೆಲಿಕನ್ಸ್ ಕ್ಲಬ್ಬಿನ ಮ್ಯಾನೇಜರ್ ಗುರುದತ್ತ, ಗೋಪೀನಾಥನ ಜೊತೆ ಬಂದು ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ಕೂತ ಹುಡುಗ ಸ್ಯಾವಿಯೋನ ಕಡೆ ಕಣ್ಣು ಹೊಡೆದು, ಇಂಥ ಪಿಚರ್, ಇಪ್ಪತ್ತೆರಡು ವರ್ಷ, ಇನ್ನೂ ಬೆಳೆಯೋ ಪೈರು, ಇವನಿಗಾಗಿ ನಮ್ಮ ಡೀನ್‌ನೇ ಕೊಡ್ತೀನಿ ಅಂತಿದೀನಿ. ಡೀನ್‌ನ ಕೊಡ್ತೀಯಾ, ತಲೆ ಕೆಟ್ಟಿದ್ಯಾ ನಿನಗೆ, ನಮ್ಮ ಟೀಮಲ್ಲಿ ಬ್ಯಾಟ್ ಬೀಸಕ್ಕೆ ಬರೋನು ಅವನೊಬ್ಬನೇ ಕಣೋ, ಎಂದು ಹೃಷಿಕೇಶ್ ಚಮಚ ಕೆಳಗಿಡುತ್ತಾನೆ. ಕೊಡಲಿ, ಕೊಡಲಿ, ಇವನ ಕೈಯಲ್ಲಿರುವ ಒಂದೇ ಒಂದು ಒಳ್ಳೆಯ ಆಟಗಾರನನ್ನು ಇವನೇ ಕೈಯಾರೆ ಕೊಡಲಿ ಎಂದು ಗೋಪೀನಾಥ ಮನಸ್ಸಿನಲ್ಲೇ ಹರಕೆ ಹೊರುತ್ತಾನೆ, ದೇವರ ಮುಂದೆ ನಿಂತಾಗಲೂ ಇಷ್ಟು ಶ್ರದ್ಧೆಯಿಂದ ಏನನ್ನೂ ಕೇಳಿದವನಲ್ಲ.

ಹಪ್ಪಳದ ಥರ್ಡ್ ಬೇಸ್ ಉಪ್ಪಿನಕಾಯಿಗೆ ಎಷ್ಟು ಹತ್ತಿರ, ಅವತ್ತು ನಿಜವಾದ ಅಂಗಳದಲ್ಲೂ ಹತ್ತಿರವೇ ಇತ್ತು, ಓಡಿದ್ದರೆ ರನ್ ಬರುತ್ತಿತ್ತು — ಎಂಬತ್ತೊಂಬತ್ತರ ಸೆಮಿಫೈನಲ್, ಮೆಲ್ಬರ್ನಿನ ಹೆರಾನ್ಸ್‌ಗೆ ಆಗ ಗೋಪೀನಾಥನೇ ಮ್ಯಾನೇಜರ್, ಥರ್ಡ್ ಬೇಸ್ ಪಕ್ಕ ನಿಂತು ಓಡುವವನಿಗೆ ಓಡು ನಿಲ್ಲು ಎಂದು ಹೇಳುವ ಕೆಲಸಕ್ಕೆ ಗುರುದತ್ತ, ಅವನನ್ನು ಕ್ಲಬ್ಬಿಗೆ ಕರೆದು ತಂದವನೂ ತಾನೇ, ಮೈಸೂರಿನವನು, ಒಂದೇ ಕಾಲೇಜು, ಬಾರೋ ಭಾನುವಾರ ಮನೇಲಿ ಕೂತು ಏನ್ಮಾಡ್ತೀಯ ಎಂದು. ಒಂದು ರನ್ ಹಿಂದಿದ್ದರು, ಚೆಂಡು ಆಕಾಶಕ್ಕೆ ಹೋಯಿತು, ದೂರದಲ್ಲೊಬ್ಬ ಹಿಡಿದ, ಆ ಕ್ಷಣ ಗುರುದತ್ತ ಏನು ಮಾಡಿದ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಬೆನ್ನು ತಿರುಗಿಸಿದ, ಔಟ್ ಕಣ್ರೋ, ನಿಂತ್ಕೊಳ್ರೋ ಎಂದ, ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಚೆಂಡು ಸತ್ತ ಹಾಗೆ, ಆಟ ನಿಂತಿತು, ಆದರೆ ಬೇಸ್‌ಬಾಲಿನಲ್ಲಿ ಹಿಡಿದ ಮೇಲೇ ಓಟ ಶುರು, ಬೇಸ್ ಮುಟ್ಟಿಕೊಂಡು ನಿಂತವನು ಕ್ಯಾಚ್ ಆದ ತಕ್ಷಣ ಬಿದ್ದಂಬೀಳ ಓಡಬಹುದು, ಹೋಮ್ ಪ್ಲೇಟ್ ಮುಟ್ಟಿದರೆ ರನ್, ಥರ್ಡ್ ಬೇಸಿನಲ್ಲಿದ್ದ ಹುಡುಗ ಓಡಲು ಬಗ್ಗಿದ್ದ, ಪಕ್ಕದವನು ನಿಲ್ಲು ಎಂದದ್ದಕ್ಕೆ ನಿಂತ, ಸೋತರು. ಸೋತದ್ದಕ್ಕಲ್ಲ ಉರಿ, ಸೋಲು ಯಾರ ಮನೆಗೆ ಬರುವುದಿಲ್ಲ, ಆಮೇಲೆ ಕಮಿಟಿಯ ಮುಂದೆ ಈ ಮಹಾಶಯ ಎದ್ದು ನಿಂತು, ಬೆಂಚಿನಿಂದ ಗೋಪಿಯೇ ನಿಲ್ಲಿಸು ಅಂತ ಕೂಗಿದ, ಮ್ಯಾನೇಜರ್ ಮಾತು ನಾನು ಹೇಗೆ ಮೀರಲಿ, ಪಾಪ ಅವನದೇನು ತಪ್ಪು, ಕ್ರಿಕೆಟ್ ಆಡಿ ಬೆಳೆದ ತಲೆ ಎಂದು ಚೆಂದದ ಇಂಗ್ಲಿಷಿನಲ್ಲಿ, ನಗುತ್ತ, ಕ್ಷಮಿಸುವವನ ಹಾಗೆ — ಆ ನಗು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಣೆಯೆಲ್ಲ ನಕ್ಕಿತು, ಬಿಳಿಯರೂ ನಕ್ಕರು, ನಮ್ಮವರೂ ನಕ್ಕರು, ಮುಂದಿನ ವಾರಕ್ಕೆ ಮ್ಯಾನೇಜರ್ ಬೇರೆ, ಅಲ್ಲಿಂದ ಕ್ಯಾಚ್ ಗೋಪಿ ಎಂಬ ಬಿರುದು, ಯುಗಾದಿ ಊಟದಲ್ಲಿ, ಮದುವೆ ಮನೆಯಲ್ಲಿ, ಏನಪ್ಪಾ ಕ್ಯಾಚ್ ಗೋಪಿ ಚೆನ್ನಾಗಿದೀಯಾ, ಈಗ ಇವನ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಹೃಷಿಕೇಶ್ ಅದೇ ಹೆಸರಿನಿಂದಲೇ ಕೂಗಿದ. ಗುರುದತ್ತ ಸಿಡ್ನಿಗೆ ಬಂದು ಮ್ಯಾನೇಜರ್ ಆದ, ತಾನು ಆರು ವರ್ಷ ಬೇಲಿಯಾಚೆ ನಿಂತು ಆಟ ನೋಡಿದ, ಹೆಂಡತಿ ಅರುಂಧತಿ ಎಷ್ಟು ಸಲ ಹೇಳಿದಳು, ಬಿಟ್ಟಾಕ್ರೀ ಅದನ್ನ, ಅವರು ಯಾವತ್ತೋ ಮರೆತಿರ್ತಾರೆ ಅಂತ. ಮರೆತಿದ್ದಾನೆ, ಅದೇ ತಾನೇ ಹೊಟ್ಟೆ ಉರಿಸುವುದು, ಹೊಡೆದವನು ಮರೆತು ಉಂಡು ಮಲಗುತ್ತಾನೆ, ಏಟು ತಿಂದವನಿಗೆ ನಿದ್ದೆ ಇಲ್ಲ.

ಆದರೆ ಈಗ ತನ್ನ ಹತ್ತಿರ ಸ್ಯಾವಿಯೋ ಇದ್ದಾನೆ, ಬಾಕ್ಸ್ ಹಿಲ್ಲಿನ ಮೈದಾನದಲ್ಲಿ ಹೈಸ್ಕೂಲು ಹುಡುಗನಾಗಿದ್ದಾಗ ಬೇಲಿಯಾಚೆಯಿಂದಲೇ ತಾನು ಗುರುತಿಸಿದ, ಸಂಜೆಸಂಜೆ ಹೋಗಿ ಬೆರಳು ಹೇಗಿಡಬೇಕು ಸೊಂಟ ಹೇಗೆ ತಿರುಗಬೇಕು ಎಂದು ಕಲಿಸಿದ ಹುಡುಗ, ಮಂಗಳೂರಿನ ಅಗಸ್ಟಿನ್ ಮತ್ತು ಗ್ಲೆನಿಟಾರ ಒಬ್ಬನೇ ಮಗ — ಹೋದ ಸೀಸನ್ನಿನಲ್ಲಿ ಹೆರಾನ್ಸ್‌ಗೆ ಆಡಿದ ಅವನ ಎಸೆತ ಕಂಡು ಪೇಪರಿನವರೂ ಬರೆದರು, ಗುರುದತ್ತನ ಬಾಯಲ್ಲಿ ನೀರೂರಿತು, ಹೆರಾನ್ಸ್ ಅಧ್ಯಕ್ಷ ತನ್ನನ್ನು ಕರೆದು ಗುರುದತ್ತನೂ ನಿಮ್ಮವನು ಹುಡುಗನೂ ನಿಮ್ಮವನು, ಹೋಗಿ ಮಾತಾಡಿಕೊಂಡು ಬನ್ನಿ ಎಂದ. ಅಧ್ಯಕ್ಷನಿಗೂ ಗೊತ್ತಿಲ್ಲದ್ದು ತನಗೆ ಗೊತ್ತು. ಮಾರ್ಚಿನಲ್ಲಿ ಡಾಕ್ಟರು ಹುಡುಗನ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದ್ದು ತನಗೆ, ಭುಜದೊಳಗಿನ ಸ್ನಾಯು ಅರ್ಧ ಹರಿದಿದೆ, ಒಂದು ವರ್ಷ ಚೆಂಡು ಮುಟ್ಟಕೂಡದು, ಮುಟ್ಟಿದರೆ ಪೂರ್ತಿ ಹರಿಯುತ್ತದೆ, ಆಮೇಲೆ ಆಟ ಹಾಗಿರಲಿ ತಲೆ ಬಾಚಿಕೊಳ್ಳುವುದೂ ಕಷ್ಟ ಎಂದರು, ಹೊರಗೆ ಕಾರಿನಲ್ಲಿ ಹುಡುಗ ಅತ್ತ, ಅಂಕಲ್ ಪ್ಲೀಸ್, ಡೋಂಟ್ ಟೆಲ್ ಡ್ಯಾಡ್, ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಆಟಗಾರರನ್ನ ಆರಿಸೋ ಸ್ಕೌಟ್ಸ್ ಸಿಡ್ನಿಗೆ ಬರ್ತಾರೆ, ಜಸ್ಟ್ ಒನ್ ಸೀಸನ್, ಅಂಕಲ್. ಹೇಳುವುದಿಲ್ಲ ಎಂದ ಗೋಪೀನಾಥ, ಹುಡುಗನ ತಲೆ ಸವರಿದ, ಆ ಸವರುವ ಕೈಯಲ್ಲಿ ಪ್ರೀತಿಯೂ ಇತ್ತು, ಇಲ್ಲವೆನ್ನಲಾಗದು, ಆದರೆ ಅದೇ ಹೊತ್ತಿಗೆ ತಲೆಯೊಳಗೆ ಗುರುದತ್ತನ ಮುಖ ಮೂಡಿತ್ತು, ಅರ್ಧ ಹರಿದ ತೋಳನ್ನು ಡೀನ್‌ನನ್ನು ಕೊಟ್ಟು ಕೊಂಡುಕೊಂಡ ಗುರುದತ್ತ, ಮೊದಲ ತಿಂಗಳಲ್ಲೇ ಪಿಚರ್ ಕುಸಿದು ಕಮಿಟಿಯ ಮುಂದೆ ಬೆವರುವ ಗುರುದತ್ತ, ನಗುವ ಕೋಣೆ, ಬಿರುದು, ಅಬ್ಬಾ ಎಷ್ಟು ಸಿಹಿ. ನಿನ್ನೆ ಹೊರಡುವಾಗ ಗ್ಲೆನಿಟಾ ಕಾರಿನ ಕಿಟಕಿಯ ಹತ್ತಿರ ಬಂದು, ನೀವು ಉಂಟಲ್ಲ ಗೋಪಿಯಣ್ಣ, ನಮಗೆ ಎಂತ ಹೆದ್ರಿಕೆ, ಅವನಿಗೆ ನಮ್ಮ ಮಾತಿಗಿಂತ ನಿಮ್ಮ ಮಾತೇ ವೇದವಾಕ್ಯ ಎಂದಳು, ಆಗ ಹುಡುಗ ಸೀಟ್ ಬೆಲ್ಟ್ ಎಳೆಯಲು ಬಲಗೈ ಎತ್ತಿದ, ಮೊಣಕೈ ಕಿವಿಯ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು, ಯಾರೋ ಹಿಂದಿನಿಂದ ಹಿಡಿದ ಹಾಗೆ, ಎಡಗೈ ಬಂದು ಬೆಲ್ಟ್ ಎಳೆಯಿತು, ತಾಯಿ ನೋಡಲಿಲ್ಲ, ತಾನು ನೋಡಿದ, ನೋಡಿ ಕಾರು ಸ್ಟಾರ್ಟ್ ಮಾಡಿದ. ಅವನೇ ಕೇಳಿಕೊಂಡಿದ್ದಲ್ಲವೇ ಹೇಳಬೇಡಿ ಎಂದು, ಇಪ್ಪತ್ತೆರಡು ವರ್ಷದವನು, ವೋಟು ಹಾಕುವವನು, ತನ್ನ ತೋಳು ತನ್ನಿಷ್ಟ, ಇದರಲ್ಲಿ ತನ್ನದೇನು ಪಾಪ ಎಂದು ಗೌಲ್ಬರ್ನ್ ದಾಟುವ ತನಕ ಹೇಳಿಕೊಳ್ಳುತ್ತಲೇ ಬಂದ, ಅಷ್ಟೊಂದು ಸಲ ಹೇಳಿಕೊಳ್ಳಬೇಕಾಗಿ ಬಂದದ್ದೇ ಸರಿಯಿರಲಿಲ್ಲ.

ಯಾಕಪ್ಪಾ ಎಡಗೈಲಿ ತಿಂತಾ ಇದ್ದೀಯ, ಜಯಾ ಕೋಸಂಬರಿ ಬಡಿಸುವ ಸೌಟು ಹಿಡಿದು ಹುಡುಗನ ಪಕ್ಕ ನಿಂತಿದ್ದಾಳೆ, ಗೋಪೀನಾಥ ತಿರುಗಿ ನೋಡುತ್ತಾನೆ, ಹೌದು, ಚಮಚ ಎಡಗೈಯಲ್ಲಿದೆ, ಬಲಗೈ ತೊಡೆಯ ಮೇಲೆ ಮಲಗಿದೆ, ಮೇಜಿಗೆ ಬಂದಾಗಿನಿಂದ ಮೇಲೆದ್ದಿಲ್ಲ, ಎಡಗೈಯಲ್ಲಿ ಉಂಡರೆ ಮೈಸೂರಿನ ಹೆಂಗಸಿನ ಕಣ್ಣಿಗೆ ಬೀಳದೆ ಇರುತ್ತದೆಯೇ, ಇದೊಂದನ್ನು ತಾನು ಯೋಚಿಸಿರಲಿಲ್ಲ. ಐಮ್ ಓಕೆ, ಆಂಟಿ, ಎನ್ನುತ್ತಾನೆ ಸ್ಯಾವಿಯೋ, ಕಿವಿ ಕೆಂಪಾಗಿ. ಅವನಿಗೆ ಎರಡು ಕೈನೂ ಒಂದೇ ಜಯಾ, ಸವ್ಯಸಾಚಿ, ಎಂದು ಗೋಪೀನಾಥನೇ ನಗುತ್ತಾನೆ, ಸುಳ್ಳು ಎಷ್ಟು ಸಲೀಸಾಗಿ ಬಂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಜಯಾ ನಗಲಿಲ್ಲ, ಹುಡುಗನ ಭುಜದ ಕಡೆ ಒಂದು ಗಳಿಗೆ ನೋಡಿ ಒಳಗೆ ಹೋದಳು. ಗುರುದತ್ತನಿಗೆ ಇದ್ಯಾವುದೂ ಕಾಣುತ್ತಿಲ್ಲ, ಆಟಗಾರನ ಉಗುರು ನೋಡಿ ಜಾತಕ ಹೇಳ್ತೀನಿ ಎನ್ನುವ ಈ ಮ್ಯಾನೇಜರಿಗೆ ತನ್ನದೇ ಮೇಜಿನಲ್ಲಿ ಪಿಚರ್ ಯಾವ ಕೈಯಲ್ಲಿ ಉಣ್ಣುತ್ತಿದ್ದಾನೆ ಎಂಬುದೇ ಕಾಣುತ್ತಿಲ್ಲ, ಕುಣಿಯಬೇಕೆನಿಸುತ್ತದೆ ಗೋಪೀನಾಥನಿಗೆ. ಹೃಷಿಕೇಶ್ ಇನ್ನೂ ಬಿಟ್ಟಿಲ್ಲ, ಹೊಸಬರ ತೋಳು ನಂಬಬಾರ್ದು ಗುರು, ನೀನು ಬೇರೆ ಕ್ರಿಕೆಟ್ ಬೌಲರ್ ಥರ ಬೆಳಗಿಂದ ಸಂಜೆ ತನಕ ಒಬ್ಬನ ಕೈಲೇ ಎಸೆಸ್ತೀಯ, ಹೋದ ವರ್ಷ ಒಬ್ಬನ್ನ ಹಾಗೇ ಮುಗಿಸ್ದೆ. ಆಗ ಗುರುದತ್ತ ತಿರುಗಿ, ನೇರವಾಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ತಮಾಷೆಯಿಲ್ಲದ ದನಿಯಲ್ಲಿ, ಗೋಪಿ, ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ, ಇವನನ್ನ ಬೆಳೆಸ್ದೋನು ನೀನು, ನೀನು ಹೇಳು, ತೋಳು ಹೇಗಿದೆ? ಹುಡುಗ ತಲೆಯೆತ್ತಿ ನೋಡುತ್ತಾನೆ, ಬೇಡ ಹೇಳಬೇಡಿ ಎನ್ನುತ್ತಿದೆಯೇ ಆ ನೋಟ, ಹೇಳಿಬಿಡಿ ಎನ್ನುತ್ತಿದೆಯೇ, ತಿಳಿಯುವುದಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇಲ್ಲ, ಇದೇ ಗಳಿಗೆಗಾಗಿ ಆರು ವರ್ಷ ಹಲ್ಲು ಕಚ್ಚಿಕೊಂಡಿದ್ದಾನೆ, ಕಬ್ಬಿಣ, ಎನ್ನುತ್ತಾನೆ ಗೋಪೀನಾಥ, ಕಬ್ಬಿಣ ಕಣೋ, ಎಷ್ಟು ಎಸೆಸ್ತೀಯೋ ಎಸೆಸು.

ಹಾಗಾದ್ರೆ ಸೋಮವಾರ ಸೈನ್, ಎಂದು ಗುರುದತ್ತ ಎದ್ದು ಕೈ ಒರೆಸಿಕೊಂಡ, ಅಷ್ಟಕ್ಕೇ ಮುಗಿಯಬೇಕಿತ್ತು, ಸೋಮವಾರ ಎಂದಮೇಲೆ ಸೋಮವಾರ, ಆದರೆ ಈ ಮನುಷ್ಯನಿಗೆ ಉಂಡ ಕೈ ತೊಳೆಯುವ ತನಕವೂ ತಾಳ್ಮೆಯಿಲ್ಲ, ಬಾರೋ ಸ್ಯಾವಿಯೋ, ಒಂದು ಎಸಿ ನೋಡೋಣ, ಜಸ್ಟ್ ಒನ್ ಎಂದು ಗ್ಲವ್ ಹುಡುಕಿಕೊಂಡು ಹಿತ್ತಲಿಗೆ ನಡೆದ, ಚಳಿಗಾಲದ ತೆಳು ಬಿಸಿಲು, ಬಟ್ಟೆ ಒಣಹಾಕುವ ಕಂಬದಲ್ಲಿ ಜಯಾಳ ಸೀರೆ, ಬೇಲಿಯ ಹತ್ತಿರ ಗುರುದತ್ತ ಮಂಡಿಯೂರಿ ಕೂತಾಯಿತು, ಗ್ಲವ್ ಬಿಚ್ಚಿ ಹಿಡಿದಾಯಿತು, ಹೃಷಿಕೇಶ್ ಮೆಟ್ಟಿಲ ಮೇಲೆ. ಮೆಲ್ಲಗೆ ಎಸೆದರೆ ಏನೂ ಆಗುವುದಿಲ್ಲ, ಹುಡುಗ ಜಾಣ, ಮೆಲ್ಲಗೆ ಎಸೆಯುತ್ತಾನೆ, ಮೊದಲ ಎಸೆತ ಮೆಲ್ಲಗೇ ಹೋಯಿತು, ಏನಪ್ಪಾ ಇದು, ಹೂವು ಎಸೆದ ಹಾಗೆ ಎಸೀತೀಯ, ನಿನ್ನ ಅಂಕಲ್ ಕಬ್ಬಿಣ ಅಂದ್ರಲ್ಲ, ತೋರ್ಸು ಕಬ್ಬಿಣ, ಎಂದು ಗುರುದತ್ತ ಕೂಗಿದ. ಸ್ಯಾವಿಯೋ ಚೆಂಡು ತಿರುಗಿಸುತ್ತ ನಿಂತ, ಗೋಪೀನಾಥನ ಕಡೆ ನೋಡಿದ, ಈ ಸಲ ಆ ನೋಟದ ಅರ್ಥ ತಿಳಿಯದೆ ಇಲ್ಲ, ಹುಡುಗ ಕೇಳುತ್ತಿದ್ದಾನೆ, ಅಂಕಲ್ ಎಸೆಯಲಾ ಎಂದು, ಬೇಡ ಎನ್ನಬೇಕು, ಒಂದೇ ಮಾತು, ಬೇಡ, ಆದರೆ ಬೇಡ ಎಂದರೆ ಕಬ್ಬಿಣ ಎಂದದ್ದು ಸುಳ್ಳಾಗುತ್ತದೆ, ಗುರುದತ್ತ ನಗುತ್ತಾನೆ, ಕ್ಷಮಿಸುವವನ ಹಾಗೆ ನಗುತ್ತಾನೆ, ಆ ನಗುವನ್ನು ಇನ್ನೊಂದು ಸಲ ನೋಡುವುದಕ್ಕಿಂತ — ಗೋಪೀನಾಥ ತಲೆಯಾಡಿಸಿದ, ಹೂಂ ಎಂದು. ಹುಡುಗ ಸೊಂಟ ತಿರುಗಿಸಿದ, ತಾನು ಕಲಿಸಿದ ಹಾಗೆಯೇ, ಎಷ್ಟು ಚೆಂದ, ಬಲಗೈ ಮೇಲೆದ್ದಿತು, ಭುಜ ದಾಟಿತು, ಮೊಣಕೈ ಕಿವಿಯ ಮಟ್ಟಕ್ಕೆ ಬಂತು, ಅಲ್ಲಿ ಏನೋ ಹರಿದ ಸದ್ದು, ಅಥವಾ ಸದ್ದೇ ಇರಲಿಲ್ಲವೇನೋ, ಚೆಂಡು ಬೆರಳಿನಿಂದ ಜಾರಿ ಅವನ ಕಾಲ ಬಳಿಯೇ ಬಿತ್ತು, ಜಯಾ ಅಡುಗೆಮನೆಯಿಂದ ಓಡಿ ಬಂದಳು, ಏನು ಮಾಡಿದ್ರಿ ಮಗುವಿಗೆ, ಏನು ಮಾಡಿದ್ರಿ, ಎಂದು ಕಿರುಚಿದಳು. ಗುರುದತ್ತ ಎದ್ದ, ಮಂಡಿಗೆ ಹತ್ತಿದ ಹುಲ್ಲು ಕೊಡವಿಕೊಂಡ, ಹತ್ತಿರ ಬಂದು ಹುಡುಗನ ಮುಖ ನೋಡಿದ, ಗೋಪೀನಾಥನ ಮುಖ ನೋಡಿದ, ಸದ್ಯ ಇನ್ನೂ ಸೈನ್ ಮಾಡಿರಲಿಲ್ಲ, ಎಂದ ಹೃಷಿಕೇಶನಿಗೆ, ಅಷ್ಟೇ, ಡೀನ್ ಅವನ ಹತ್ತಿರವೇ ಉಳಿದ, ತಂಡ ಉಳಿಯಿತು, ಕಮಿಟಿ ಉಳಿಯಿತು, ಅವನದೊಂದು ಕೂದಲೂ ಕೊಂಕಲಿಲ್ಲ, ಗ್ಲೆನಿಟಾಗೆ ಫೋನು ಮಾಡಬೇಕು, ಏನೆಂದು ಮಾಡುವುದು, ಅಗಸ್ಟಿನ್‌ಗೆ ಏನೆಂದು, ಯಾರೋ ಕಾರಿನ ಕೀಲಿ ಕೇಳುತ್ತಿದ್ದಾರೆ, ಆಸ್ಪತ್ರೆ ಎನ್ನುತ್ತಿದ್ದಾರೆ, ಗೋಪೀನಾಥನಿಗೆ ಜೇಬು ಎಲ್ಲಿದೆಯೆಂದು ತಿಳಿಯುತ್ತಿಲ್ಲ, ಸೀರೆ ಗಾಳಿಗೆ ಬಡಿಯುತ್ತಿದೆ, ಹುಡುಗ ಅಳುತ್ತಿಲ್ಲ, ತನ್ನನ್ನೇ ನೋಡುತ್ತಿದ್ದಾನೆ, ಕೈ ಇನ್ನೂ ಕೆಳಗಿಳಿದಿಲ್ಲ, ಮೊಣಕೈ ಕಿವಿಯ ಹತ್ತಿರ, ಬೆರಳು ಬಿಚ್ಚಿಕೊಂಡು, ಚೆಂಡಿಲ್ಲದೆ, ಮೊಣಕೈ ಕಿವಿಯ ಹತ್ತಿರ, ಅಲ್ಲೇ, ಕಿವಿಯ ಹತ್ತಿರ —