ಕೈ ಇಳಿಸಿದವನಿಗೆ ಬಿದ್ದ ಏಟು

ನಾನು ಒಂದು ಜೊತೆ ಬಾಕ್ಸಿಂಗ್ ಗ್ಲೌಸು. ಮೀರತ್‌ನ ಕಿರುಗಲ್ಲಿಯೊಂದರಲ್ಲಿ ಮುದುಕನೊಬ್ಬ ಕಂದು ತೊಗಲು ಕತ್ತರಿಸಿ, ಒಳಗೆ ಕುದುರೆಕೂದಲು ತುಂಬಿ ನನ್ನನ್ನು ಹೊಲಿದ. ಹೊಲಿದಾದ ಮೇಲೆ ತನ್ನ ಕೆನ್ನೆಗೇ ಒತ್ತಿ ನೋಡಿಕೊಂಡ, ಎಲ್ಲಾದರೂ ಗಂಟು ಉಳಿದಿದೆಯೇ ಎಂದು.

ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ಅಲ್ಲಿನ ಕಾರ್ಮಿಕರ ವ್ಯಾಯಾಮ ಸಂಘದಲ್ಲಿ ನನ್ನನ್ನು ತೊಟ್ಟವನು ಯಲಗೂರಪ್ಪ, ಮುಧೋಳದ ಕಡೆಯ ಪೈಲ್ವಾನ. ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದಿದ್ದ; ಆ ಹೆಸರಿನ ಮೇಲೆಯೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮುಂದೆ ಒಂದು ಕುಸ್ತಿಯಲ್ಲಿ ಮೊಣಕಾಲು ತಿರುಚಿಕೊಂಡಿತು. ಇನ್ನೊಬ್ಬರ ಭಾರ ಹೊತ್ತರೆ ಕಾಲು ಉಳಿಯುವುದಿಲ್ಲ ಎಂದರು ವೈದ್ಯರು. ಹಾಗೆ ಅವನು ಬಾಕ್ಸಿಂಗಿಗೆ ಬಂದ.

ಮೊದಮೊದಲು ಅವನ ಬೆರಳುಗಳು ನನ್ನೊಳಗೆ ಸುಮ್ಮನಿರುತ್ತಿರಲಿಲ್ಲ. ಎದುರಾಳಿ ಹತ್ತಿರ ಬಂದರೆ ಸಾಕು, ತಬ್ಬಿ ಹಿಡಿದುಬಿಡುತ್ತಿದ್ದ.

“ಏ ಪೈಲ್ವಾನ, ಇಲ್ಲಿ ಹಿಡಿಯೂದಲ್ಲೋ, ಹೊಡಿಯೂದು!” ಎಂದು ತರಬೇತಿ ಕೊಡುತ್ತಿದ್ದ ಪೀಟರ್ ಮಾಸ್ತರು ಕೂಗುತ್ತಿದ್ದರು.

ನಾಲ್ಕು ವರ್ಷಗಳಲ್ಲಿ ಕಲಿತ. ಬೆಂಗಳೂರಿನಲ್ಲಿ ರಾಜ್ಯಮಟ್ಟದ ಅಂತಿಮ ಪಂದ್ಯಕ್ಕೆ ಬಂದ. ಎದುರಾಳಿ ಸೆಲ್ವರಾಜ್, ಕೋಲಾರದ ಚಿನ್ನದ ಗಣಿಯ ಕೆಲಸಗಾರ. ಮೂರನೆಯ ಸುತ್ತಿನಲ್ಲಿ ಸೆಲ್ವರಾಜನ ಉಸಿರು ಕಟ್ಟಿತು, ಎರಡೂ ಕೈಗಳು ಸೊಂಟದವರೆಗೆ ಇಳಿದವು. ಯಲಗೂರಪ್ಪನ ಮುಷ್ಟಿ ಒಂದು ಕ್ಷಣ ಸಡಿಲವಾದದ್ದು ನನಗೆ ತಿಳಿಯಿತು. ಜನ “ಹೊಡಿ, ಹೊಡಿ” ಎಂದು ಅರಚಿದರು. ಮುಷ್ಟಿ ಮತ್ತೆ ಬಿಗಿಯಿತು. ಏಟು ಬಿದ್ದದ್ದು ಎಡಗಣ್ಣಿನ ಮೇಲೆ.

ಪದಕ ಬಂತು. ಮರುದಿನ ಸೆಲ್ವರಾಜನ ಎಡಗಣ್ಣು ಹೋಯಿತೆಂಬ ಸುದ್ದಿಯೂ ಬಂತು. ಯಲಗೂರಪ್ಪ ಊರಿಗೆ ಹೊರಡಲು ಕಟ್ಟಿದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಆಸ್ಪತ್ರೆಗೆ ಹೋದ. ಆ ಚೀಲದಲ್ಲಿ ನಾನಿದ್ದೆ.

“ಆಟ ಅಂದ್ಮೇಲೆ ಏಟು ಬೀಳುತ್ತೆ. ಕೈ ಇಳಿಸಿದ್ದು ನನ್ ತಪ್ಪು, ಬಿಡಪ್ಪ” ಎಂದ ಸೆಲ್ವರಾಜ್.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಯಲಗೂರಪ್ಪ ಏಳಲಿಲ್ಲ.

“ನೀ ಕೈ ಇಳಿಸಿದ್ದು ನಾ ನೋಡಿದ್ನಿ ಅಣ್ಣಾ. ನಿನ್ನ ಕಡೆ ಆಗೂದಿಲ್ಲ ಅಂತ ಗೊತ್ತಾಗಿತ್ತು. ಗೊತ್ತಿದ್ದೂ ಹೊಡದೆ.”

ಮಂಚ ಕಿರುಗುಟ್ಟಿತು, ಸೆಲ್ವರಾಜ್ ಆಚೆ ಹೊರಳಿರಬೇಕು. “ಹೋಗು” ಎಂದಷ್ಟೇ ಕೇಳಿಸಿತು.

ಯಲಗೂರಪ್ಪ ಮತ್ತೆ ನನ್ನನ್ನು ತೊಡಲಿಲ್ಲ. ಗರಡಿಗೆ ಮರಳಿ, ಮಣ್ಣಿನ ಅಂಚಿನಲ್ಲಿ ನಿಂತು ಕುಸ್ತಿ ಕಲಿಸಿದ. ಬಾಕ್ಸಿಂಗ್ ಬಿಟ್ಟದ್ದು ಕಾಲು ನೋವಿಗೆ ಎಂದುಕೊಂಡರು ಜನ. ನಾನು ಗೋಡೆಯ ಮೊಳೆಯಲ್ಲಿ ಒಂಬತ್ತು ವರ್ಷ ತೂಗಿದೆ.

ಒಂದು ಮಧ್ಯಾಹ್ನ ಸೆಲ್ವರಾಜ್ ಗರಡಿಯ ಬಾಗಿಲಲ್ಲಿ ಬಂದು ನಿಂತ. ಯಲಗೂರಪ್ಪ ಕಲಿಸುವುದನ್ನು ಬಿಟ್ಟು ಎದುರಿಗೆ ಬಂದ.

“ಗಣಿ ಕಾಲೋನಿಯಲ್ಲಿ ಬಾಕ್ಸಿಂಗ್ ಕಲಿಸ್ತಾ ಇದೀನಿ. ಸಾಮಾನು ಸಾಲ್ತಿಲ್ಲ. ನಿನ್ ಗ್ಲೌಸ್ ಇದ್ರೆ ಕೊಡು.”

“ಇದ ಬೇಕೇನ ನಿನಗ?”

“ಇದೇ ಬೇಕು.”

ಯಲಗೂರಪ್ಪ ಧೂಳು ಒರೆಸಿ, ಎರಡೂ ಕೈಗಳಲ್ಲಿ ನನ್ನನ್ನು ಕೊಟ್ಟ.

ಸೆಲ್ವರಾಜ್ ನನ್ನನ್ನು ತೊಟ್ಟೇ ಕಲಿಸಿದ. ಶಿಷ್ಯರಲ್ಲಿ ಯಾರೊಬ್ಬರ ಕೈ ಇಳಿದರೂ, “ನಿಲ್ಲಿಸು!” ಎಂದು ಹಗ್ಗ ದಾಟಿ ಒಳಗೆ ನುಗ್ಗುತ್ತಿದ್ದ. ಆ ಕಾಲೋನಿಯಲ್ಲಿ ಇನ್ನೊಂದು ಕಣ್ಣು ಹೋಗಲಿಲ್ಲ. ಕ್ಷಮಿಸಿದೆ ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ನಾನು ಕೇಳಲಿಲ್ಲ.

ಈಗ ಗಣಿ ಮುಚ್ಚಿದೆ, ನನ್ನ ಹೊಲಿಗೆ ಬಿಟ್ಟಿದೆ. ಸೆಲ್ವರಾಜನ ಮನೆಯ ಕಿಟಕಿಯ ಬಳಿ ಇದ್ದೇನೆ. ಕಳೆದ ಮಾಗಿಯಲ್ಲಿ ಯಲಗೂರಪ್ಪ ತೀರಿಕೊಂಡನೆಂದು ಕಾಗದ ಬಂತು. ಮಗಳು ಓದಿ ಹೇಳಿದಳು. ಸೆಲ್ವರಾಜ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

“ಯಾರಪ್ಪ ಅದು, ನಿಂಗೆ ಬೇಕಾದವ್ರಾ?” ಎಂದು ಮಗಳು ಕೇಳಿದಳು.

“ನಿಜ ಹೇಳಿದೋನು” ಎಂದ.

ನಾನು ಬಹಳ ಕೈಗಳನ್ನು ಬಲ್ಲೆ. ಆ ದಿನ ಅವನ ಕೈ ನನ್ನ ಬಿಟ್ಟ ಹೊಲಿಗೆಯನ್ನು ಮೆಲ್ಲಗೆ ಒತ್ತಿ ಕೂಡಿಸುತ್ತಿತ್ತು.