ಹೀರೋನ ರಕ್ತಪರೀಕ್ಷೆ

ಬಡಾವಣೆಯಲ್ಲಿ ಎಲ್ಲರೂ ಅವನನ್ನು ಹೀರೋ ಎನ್ನುತ್ತಿದ್ದರು. ಮೊದಲು ಹಾಗೆ ಕರೆದುಕೊಂಡವನು ಅವನೇ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಒಡೆದ ಗಾಜು ಬದಲಾಯಿಸುವುದಕ್ಕಿಂತ ಆ ಗಾಜಿನಲ್ಲಿ ತನ್ನ ಕ್ರಾಪು ನೋಡಿಕೊಳ್ಳುವುದರಲ್ಲೇ ಅವನಿಗೆ ಹೆಚ್ಚು ಶ್ರದ್ಧೆ.

ಗಿಣಿ ಎದುರು ಸಾಲಿನ ಟೈಲರಮ್ಮನ ಮಗಳು, ಆಗಷ್ಟೇ ಹದಿನೆಂಟು ತುಂಬಿದವಳು. ಬಾಯಿ ಸುಮ್ಮನಿರದಿದ್ದಕ್ಕೆ ಆ ಹೆಸರು. ಇಂಥ ಹುಡುಗಿ ಇಂಥವನನ್ನು ಯಾಕೆ ಮೆಚ್ಚಿದಳೋ! ಇಬ್ಬರೂ ತೀರಾ ಹತ್ತಿರವಾದಾಗ ಅವಳು ಕಾಂಡೋಮ್ ಮಾತೆತ್ತಿದ್ದಳು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದು ಅವನು ಮುಖ ಊದಿಸಿಕೊಂಡ. ಅವಳು ನಂಬಿದಳು.

ಗಿಣಿಯ ಕಾಲೇಜಿನಲ್ಲಿ ಒಂದು ದಿನ ಆರೋಗ್ಯದ ಬಗ್ಗೆ ಭಾಷಣ. ಪ್ರಿನ್ಸಿಪಾಲರು ಎಚ್‌ಐವಿ ಎಂಬ ಹೆಸರನ್ನೂ ಬಾಯಿಗೆ ತಾಗಿಸದೆ, "ಆ ಕಾಯಿಲೆ, ಆ ಕಾಯಿಲೆ" ಎನ್ನುತ್ತಲೇ ಸಂಯಮದ ಬಗ್ಗೆ ಕೊರೆದರು. ಗಿಣಿ ಎದ್ದು ನಿಂತಳು.

"ಸಾರ್, ಅದು ಇದೆಯೋ ಇಲ್ವೋ ಅಂತ ತಿಳ್ಕೊಳ್ಳೋದು ಹೇಗೆ?"

"ಒಳ್ಳೆ ಮನೆ ಮಕ್ಕಳಿಗೆ ಅದರ ಅಗತ್ಯ ಬರಲ್ಲಮ್ಮ."

"ನಮ್ಮದು ಬಾಡಿಗೆ ಮನೆ ಸಾರ್."

ಹುಡುಗರು ಹೋ ಎಂದು ನಕ್ಕರು. ಪ್ರಿನ್ಸಿಪಾಲರು ನೀರು ಕುಡಿದು ಭಾಷಣ ಮುಗಿಸಿದರು. ಉತ್ತರವನ್ನು ಗಿಣಿ ಆಸ್ಪತ್ರೆಯಲ್ಲೇ ಹುಡುಕಿಕೊಂಡಳು. ಹೀರೋನನ್ನೂ ಎಳೆದುಕೊಂಡು ಹೋದಳು.

"ನನ್ನ ನೋಡಿದ್ರೆ ಕಾಯಿಲೆಯೋನ ಥರ ಕಾಣ್ತೀನಾ?" ಎಂದು ಎದೆಯುಬ್ಬಿಸಿಕೊಂಡು ಒಳಗೆ ಹೋದವನು ಸೂಜಿ ಕಂಡೊಡನೆ ತಲೆ ಸುತ್ತಿ ಬಿದ್ದ. ಅವನನ್ನು ಎಬ್ಬಿಸಿ ರಕ್ತ ತೆಗೆಯಲು ನರ್ಸಮ್ಮನಿಗೆ ಮಗುವನ್ನು ಮುದ್ದು ಮಾಡಿದಂತೆ ಮಾಡಬೇಕಾಯಿತು.

ಗಿಣಿಗೆ ಸೋಂಕು ಕಾಣಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬರಬೇಕೆಂದರು. ಹೀರೋಗೆ ಸೋಂಕಿತ್ತು. ವರಾಂಡಕ್ಕೆ ಬಂದವನು ಅವಳ ಮೇಲೇ ತಿರುಗಿಬಿದ್ದ.

"ಇದೆಯಂತೆ. ನಿನ್ನಿಂದ್ಲೇ ಬಂದಿದ್ದು."

"ನನಗೇ ಇಲ್ಲದ್ದನ್ನ ನಿನಗೆ ಎಲ್ಲಿಂದ ತಂದುಕೊಡ್ಲಿ? ನನಗಿಂತ ಮುಂಚೆ ಯಾರ‍್ಯಾರಿದ್ರೋ ಅವರಿಗೆ ಹೋಗಿ ಹೇಳು. ಅವರೂ ಪರೀಕ್ಷೆ ಮಾಡಿಸ್ಕೊಳ್ಳಲಿ."

ಅವನು ಅವರಾರಿಗೂ ಹೇಳಲಿಲ್ಲ. ತನ್ನ ಅಮ್ಮನಿಗೆ ಹೇಳಿದ, ಅದೂ ಸುಳ್ಳು ಸೇರಿಸಿ. ಆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟೈಲರಮ್ಮನ ಬಾಗಿಲಿಗೆ ಬಂದು, "ನನ್ನ ಮಗನಿಗೆ ಏಡ್ಸ್ ಅಂಟಿಸಿದ್ಲು ನಿನ್ನ ಮಗಳು!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿದಳು. ಆಸ್ಪತ್ರೆಯವರು ಪಿಸುದನಿಯಲ್ಲಿ ಹೇಳಿ ಕಾಪಾಡಿದ ಗುಟ್ಟನ್ನು ಹೆತ್ತವಳೇ ಡಂಗುರ ಸಾರಿದಳು.

ಟೈಲರಮ್ಮ ಮಿಷನ್ನಿನ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿದಳು. ಮಗಳ ಕಡೆ ತಿರುಗಿ, "ನಿನಗೆ?" ಎಂದಳು.

"ಸದ್ಯಕ್ಕಿಲ್ಲಮ್ಮ. ಇನ್ನೊಂದ್ಸಲ ನೋಡ್ಬೇಕಂತೆ."

"ನೋಡಿಸೋಣ. ನಾನೂ ಬರ್ತೀನಿ. ನಿನ್ನ ಜೊತೆ ಮಾತಾಡೋದು ಬೇಕಾದಷ್ಟಿದೆ, ಅದು ಆಮೇಲೆ." ಬೀದಿಯ ಎದುರಿಗೆ ಮಗಳನ್ನು ಹೊಡೆಯಲಿ ಎಂದು ಕಾದಿದ್ದ ಹೆಂಗಸರಿಗೆ ಬಹಳ ನಿರಾಸೆಯಾಯಿತು.

ಅಂಗಡಿ ಮಾಲೀಕ ಹೀರೋನನ್ನು ಕೆಲಸದಿಂದ ತೆಗೆದ. ವೈರಾಣು ಬೆರಳಿನಿಂದ ಮೊಬೈಲಿಗೆ ಹಾರುತ್ತದೆಂದು ಆ ಮಹಾಶಯನ ತಿಳಿವಳಿಕೆ. ಹೀರೋ ಮಂಚ ಹಿಡಿದ, ಮಾತ್ರೆ ಮುಟ್ಟಲಿಲ್ಲ, ಸಾಯುತ್ತೇನೆ ಎನ್ನತೊಡಗಿದ. ಕೊನೆಗೆ ಅವನ ಅಮ್ಮನೇ ನಾಚಿಕೆ ಬಿಟ್ಟು ಗಿಣಿಯನ್ನು ಕರೆದಳು.

ಗಿಣಿ ಹೊದಿಕೆ ಕಿತ್ತೆಸೆದಳು. "ಇದು ಈಗ ಸಾಯೋ ಕಾಯಿಲೆ ಅಲ್ಲ ಕಣೋ. ದಿನಾ ಮಾತ್ರೆ ನುಂಗಿದ್ರೆ ಮುದುಕ ಆಗೋವರೆಗೂ ಬದುಕ್ತೀಯ. ಅಷ್ಟು ವರ್ಷ ನಿನ್ನ ಸಹಿಸ್ಕೊಳ್ಳೋ ಕರ್ಮ ನಿಮ್ಮಮ್ಮಂದು, ನಂದಲ್ಲ."

"ನನ್ನ ಬಿಟ್ಟುಬಿಡ್ತೀಯಾ?"

"ಕಾಯಿಲೆಗಲ್ಲ. ಸುಳ್ಳು ಹೇಳಿದ್ದಕ್ಕೆ."

ಅವನು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಮಾತ್ರೆಗೆ ಯಾವ ಕೊಠಡಿಗೆ ಹೋಗಬೇಕೆಂದು ಅವನ ಅಮ್ಮನಿಗೆ ಬಿಡಿಸಿ ಹೇಳಿ ಹೊರಟಳು.

ಎರಡನೇ ಪರೀಕ್ಷೆಗೆ ಗಿಣಿ ತಾಯಿಯೊಡನೆ ಹೋದಾಗ ಮಾತ್ರೆಯ ಸಾಲಿನಲ್ಲಿ ಒಬ್ಬ ಹೆಲ್ಮೆಟ್ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಅಮ್ಮ, ಮುಖ ತೆರೆದುಕೊಂಡೇ. ಹಾಗಾಗಿ ಹೆಲ್ಮೆಟ್ಟಿನ ಒಳಗಿರುವವನು ಯಾರೆಂದು ಇಡೀ ವರಾಂಡಕ್ಕೆ ಗೊತ್ತಿತ್ತು. ಬೆವರು ಅವನ ಕತ್ತಿಗೆ ಇಳಿಯುತ್ತಿತ್ತು.

"ತೆಗಿಯೋ, ಉಸಿರು ಕಟ್ಟತ್ತೆ," ಎಂದಳು ಗಿಣಿ.

ಹೆಲ್ಮೆಟ್ ಗೋಡೆಯ ಕಡೆ ತಿರುಗಿತು. ಪರೀಕ್ಷೆಯ ಕೊಠಡಿಯಿಂದ ಗಿಣಿಯನ್ನು ಕರೆದರು. ಈ ಸಲವೂ ಸೋಂಕಿರಲಿಲ್ಲ. ಟೈಲರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಇಷ್ಟು ದಿನ ತಡೆದಿಟ್ಟಿದ್ದ ಅಳುವನ್ನು ಅತ್ತು ಮುಗಿಸಿದಳು.